ಬಳ್ಳಾರಿಯ ಬಿಸಿಲಿನಲ್ಲಿ ಮನೆಯೊಳಗೆ ಡಾರ್ಕ್‌ರೂಂ: ಮಾಡಿದವರು ಯಾರಾದರೂ ಇದ್ದೀರಾ?

ಬೆಳ್ಳಿಹರಳು, ಬಳ್ಳಾರಿ

ನೇರವಾಗಿ ಪ್ರಶ್ನೆಗೆ ಬರುತ್ತೇನೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ, ಏ.ಸಿ. ಇಲ್ಲದ ಮನೆಯಲ್ಲಿ, ಕಪ್ಪು-ಬಿಳುಪು ಫಿಲ್ಮ್ ತೊಳೆದು ಪ್ರಿಂಟ್ ಹಾಕಲು ಸಾಧ್ಯವೇ? ಪುಸ್ತಕಗಳೆಲ್ಲ 20 ಡಿಗ್ರಿ ಎನ್ನುತ್ತವೆ. ನಮ್ಮ ಮನೆಯ ಟ್ಯಾಂಕಿನ ನೀರು ಏಪ್ರಿಲ್ ಮಧ್ಯಾಹ್ನ ಕೈ ಸುಡುತ್ತದೆ.

ಕಾಲೇಜಿನಲ್ಲಿದ್ದಾಗ ಪರಿಚಯದ ಸ್ಟುಡಿಯೊದವರು ತಮ್ಮ ಕತ್ತಲೆ ಕೋಣೆಯಲ್ಲಿ ಕೆಲಸ ಕಲಿಸಿದ್ದರು. ಆಮೇಲೆ ಬ್ಯಾಂಕ್ ನೌಕರಿ, ವರ್ಗಾವಣೆ, ಮಕ್ಕಳ ಶಾಲೆ ಎಂದು ಕ್ಯಾಮೆರಾ ಬೀರುವಿನ ಮೇಲಕ್ಕೆ ಹೋಯಿತು. ಈಗ ಮೊಬೈಲಿನಲ್ಲಿ ಸಾವಿರಗಟ್ಟಲೆ ಚಿತ್ರಗಳಿವೆ, ಒಂದನ್ನಾದರೂ ಎರಡನೇ ಸಲ ತೆರೆದು ನೋಡಿದವನಲ್ಲ. ಕೈಯಲ್ಲಿ ಹಿಡಿಯುವಂಥದ್ದು ಬೇಕು ಅನ್ನಿಸಿದೆ.

ಇರುವ ಸಾಮಾನು: ಪೆಂಟಾಕ್ಸ್ ಕೆ-1000, 50 ಎಂ.ಎಂ. ಲೆನ್ಸ್. ಮುಚ್ಚಿಹೋದ ಸ್ಟುಡಿಯೊ ಒಂದರಿಂದ ಮೆಯೋಪ್ಟಾ ಎನ್‌ಲಾರ್ಜರ್ (ನೆಗೆಟಿವನ್ನು ಕಾಗದದ ಮೇಲೆ ದೊಡ್ಡದಾಗಿ ಮೂಡಿಸುವ ಯಂತ್ರ) ಸಿಕ್ಕಿದೆ, ಲೆನ್ಸ್ ಸ್ವಚ್ಛವಾಗಿದೆ, ವೈರ್ ಮಾತ್ರ ಬದಲಿಸಬೇಕು. ಜಾಗಕ್ಕೆ ಎರಡು ಆಯ್ಕೆ. ಮೇಲಿನ ಮಹಡಿಯ ಕೋಣೆ ವಿಶಾಲವಾಗಿದೆ, ಪಕ್ಕದಲ್ಲೇ ನಲ್ಲಿ ಇದೆ. ಮೆಟ್ಟಿಲ ಕೆಳಗಿನ ಸ್ಟೋರ್ ಇಕ್ಕಟ್ಟು, ಒಂದು ಬದಿಯಲ್ಲಿ ತಲೆ ತಾಗುತ್ತದೆ, ನೀರಿಲ್ಲ. ಬೋರ್‌ವೆಲ್ ನೀರು ಎಷ್ಟು ಗಡಸು ಎಂದರೆ ಬಕೆಟ್ಟಿನ ಒಳಗೆ ಬಿಳಿ ಪೊರೆ ಕಟ್ಟುತ್ತದೆ. ಎಲ್ಲಿಂದ ಶುರು ಮಾಡಲಿ?

ಡಿಜಿಟಲ್ ಸಾಕು, ಹೊಸಪೇಟೆ

ಇದು ದುಡ್ಡು ಸುಡುವ ಹವ್ಯಾಸ ಎಂದು ಮೊದಲೇ ಹೇಳಿಬಿಡುತ್ತೇನೆ. ಒಂದು ರೋಲ್‌ಗೆ ಸಾವಿರ ರೂಪಾಯಿಯ ಆಸುಪಾಸು, ಸಿಗುವುದು 36 ಚಿತ್ರ. ಕಾಗದ, ಕೆಮಿಕಲ್, ಕೊರಿಯರ್ ಬೇರೆ. ಅದೇ ದುಡ್ಡಿನಲ್ಲಿ ಒಂದು ಒಳ್ಳೆಯ ಲೆನ್ಸ್ ಬರುತ್ತದೆ. ಕಪ್ಪು-ಬಿಳುಪು ಬೇಕೆಂದರೆ ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರಾಯಿತು.

ಹೈಪೋ ಕಾಕಾ, ರಾಯಚೂರು

ಮೇಲಿನ ತಮ್ಮ ಹೇಳಿದ್ದು ಸುಳ್ಳಲ್ಲ. ಆದರೆ ಕೇಳಿದ ಪ್ರಶ್ನೆ ಬೇರೆ.

ರಾಯಚೂರಿನಲ್ಲಿ ಸ್ಟುಡಿಯೊ ನಡೆಸಿದವನು ನಾನು. ಏ.ಸಿ. ಎಂಬುದನ್ನು ಸಿನಿಮಾ ಥಿಯೇಟರಿನಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ. ಆ ಕಾಲದಲ್ಲಿ ಬೇಸಿಗೆ ಬಂತೆಂದು ಯಾವ ಸ್ಟುಡಿಯೊದವನೂ ಬಾಗಿಲು ಮುಚ್ಚಲಿಲ್ಲ. ಮೇ ತಿಂಗಳು ಮದುವೆಯ ಕಾಲ, ಜೂನ್ ಬಂದರೆ ಶಾಲೆ-ಕಾಲೇಜಿನ ಪಾಸ್‌ಪೋರ್ಟ್ ಫೋಟೊಗಳ ಕಾಲ. ಅಂದರೆ ಅತಿ ಹೆಚ್ಚು ಕೆಲಸ ಅತಿ ಹೆಚ್ಚು ಸೆಖೆಯಲ್ಲೇ. ಹಾಗಾಗಿ ಸಾಧ್ಯವೇ ಎಂಬ ಪ್ರಶ್ನೆಯನ್ನು ಬಿಡಿ.

20 ಡಿಗ್ರಿಯನ್ನು ದೇವರ ಪಟದಂತೆ ಗೋಡೆಗೆ ಹಾಕಿಕೊಳ್ಳಬೇಡಿ. ಅದು ತಣ್ಣನೆಯ ದೇಶದವರು ತಮ್ಮ ಅನುಕೂಲಕ್ಕೆ ಇಟ್ಟುಕೊಂಡ ಅಳತೆ. 24ರಲ್ಲೂ 26ರಲ್ಲೂ ಫಿಲ್ಮ್ ಚೆನ್ನಾಗಿ ಬರುತ್ತದೆ, ಸಮಯ ಕಡಿಮೆ ಮಾಡಬೇಕು ಅಷ್ಟೆ. ಆದರೆ ಚಿತ್ರ ಮೂಡಿಸುವ ದ್ರಾವಣ, ಅಂದರೆ ಡೆವಲಪರಿನ ಸಮಯ ಐದು ನಿಮಿಷಕ್ಕಿಂತ ಕೆಳಗೆ ಇಳಿಯಬಾರದು. ಇಳಿದರೆ ಆಕಾಶದಲ್ಲಿ ಪಟ್ಟೆ ಪಟ್ಟೆ ಏಳುತ್ತದೆ.

ಫಿಲ್ಮ್ ಕೆಡುವುದು ಬಿಸಿಯಿಂದಲ್ಲ, ಬಿಸಿ-ತಂಪಿನ ಜಗ್ಗಾಟದಿಂದ. ಡೆವಲಪರನ್ನು ಐಸ್ ಹಾಕಿ 20ಕ್ಕೆ ತರುತ್ತೀರಿ, ತೊಳೆಯುವಾಗ ಟ್ಯಾಂಕಿನ 36 ಡಿಗ್ರಿಯ ನೀರು ಬಿಡುತ್ತೀರಿ. ಫಿಲ್ಮಿನ ಮೇಲಿನ ಜೆಲಟಿನ್ ಒಮ್ಮೆಲೇ ಉಬ್ಬಿ, ಬಿರಿದು, ಸಣ್ಣ ಸಣ್ಣ ಸುಕ್ಕುಗಳಾಗುತ್ತದೆ. ಒಮ್ಮೆ ಆದರೆ ಆಯಿತು, ಅದನ್ನು ತೆಗೆಯಲು ಯಾವ ಔಷಧಿಯೂ ಇಲ್ಲ. ಡೆವಲಪರ್, ಅದರ ಕೆಲಸ ನಿಲ್ಲಿಸುವ ಸ್ಟಾಪ್, ಚಿತ್ರವನ್ನು ಕಾಯಂ ಮಾಡುವ ಹೈಪೋ, ತೊಳೆಯುವ ನೀರು ನಾಲ್ಕೂ ಒಂದೇ ಶಾಖದಲ್ಲಿರಲಿ. ಎಲ್ಲ ಬಾಟಲಿಗಳನ್ನೂ, ತೊಳೆಯುವ ನೀರಿನ ಎರಡು ಜಗ್ಗುಗಳನ್ನೂ ಒಂದೇ ದೊಡ್ಡ ಟಬ್ಬಿನ ನೀರಿನಲ್ಲಿ ಒಂದು ತಾಸು ನಿಲ್ಲಿಸಿದರೆ ತಾವಾಗಿಯೇ ಸಮ ಆಗುತ್ತವೆ.

ತಂಪು ನೀರಿಗೆ ಮಣ್ಣಿನ ಗಡಿಗೆ ಸಾಕು. ನಮ್ಮದು ಒಣ ಸೆಖೆ, ಗಡಿಗೆ ಬೆವರುವಷ್ಟು ಒಳಗಿನ ನೀರು ತಣ್ಣಗಾಗುತ್ತದೆ. ರಾತ್ರಿ ತುಂಬಿಸಿ ಗಾಳಿ ಆಡುವ ಕಡೆ ಇಟ್ಟರೆ ಬೆಳಗಿನ ಜಾವಕ್ಕೆ 25ರ ಆಸುಪಾಸು ಬಂದಿರುತ್ತದೆ. ಮಂಗಳೂರಿನವರಿಗೆ ಈ ಭಾಗ್ಯ ಇಲ್ಲ.

ಹೈಪೋ ಕಲಸುವುದನ್ನು ಮಾತ್ರ ಹಿಂದಿನ ದಿನವೇ ಮಾಡಿಡಿ. ಹರಳುಗಳನ್ನು ನೀರಿಗೆ ಸುರಿದು ಕಲಕುತ್ತಿದ್ದಂತೆ ನೀರು ತಾನೇ ತಣ್ಣಗಾಗುತ್ತ ಹೋಗುತ್ತದೆ. ಪಾತ್ರೆಯ ಹೊರಗೆ ಬೆರಳಿಟ್ಟರೆ ಗೊತ್ತಾಗುತ್ತದೆ. ಅದನ್ನು ಹಾಗೆಯೇ ಬಳಸಿದರೆ ಮತ್ತೆ ಅದೇ ಜಗ್ಗಾಟ. ಕಡುಬೇಸಿಗೆಯಲ್ಲಿ ನಾವು ಹೈಪೋಗೆ ಪಟಿಕ ಸೇರಿಸುತ್ತಿದ್ದೆವು, ಜೆಲಟಿನ್ ಗಟ್ಟಿಯಾಗುತ್ತಿತ್ತು.

ಮೇಲಿನ ಮಹಡಿಯ ಕೋಣೆ ಬೇಡವೇ ಬೇಡ. ಆರ್.ಸಿ.ಸಿ. ಛಾವಣಿ ರಾತ್ರಿ ಹನ್ನೊಂದರವರೆಗೂ ಶಾಖ ಕಾರುತ್ತಿರುತ್ತದೆ. ಮೆಟ್ಟಿಲ ಕೆಳಗೆ ಇಳಿಯಿರಿ.

ಮಸ್ಕಿ ಹುಡುಗ

ಕಾಕಾ, ಮೇ ತಿಂಗಳಲ್ಲಿ ನಮ್ಮ ನಲ್ಲಿಯಿಂದ ಬರುವ ನೀರು 38 ಡಿಗ್ರಿ ಇರುತ್ತದೆ. ಕಲರ್ ಫಿಲ್ಮ್ ತೊಳೆಯುವ ಸಿ-41 ವಿಧಾನಕ್ಕೆ ಬೇಕಾದದ್ದೂ ಅಷ್ಟೇ ಅಲ್ಲವೇ? ಬೇರೆ ಊರಿನವರು ನೀರು ಕಾಯಿಸಲು ಯಂತ್ರ ಕೊಳ್ಳುತ್ತಾರೆ, ನಮಗೆ ಪುರಸಭೆಯೇ ಕಾಯಿಸಿ ಕೊಡುತ್ತದೆ.

ರಸಾಯನ ಟೀಚರ್, ಕೊಪ್ಪಳ

ಮಸ್ಕಿಯ ತಮ್ಮನ ಮಾತಿಗೆ ನಕ್ಕೆ. ಆದರೆ ಕಲರ್ ಡೆವಲಪರಿಗೆ ಮೂರೂಕಾಲು ನಿಮಿಷವೂ 37.8 ಡಿಗ್ರಿಯಲ್ಲಿ ನಿಂತ ಶಾಖ ಬೇಕು. ಅರ್ಧ ಡಿಗ್ರಿ ಆಚೀಚೆ ಆದರೂ ಬಣ್ಣ ವಾಲುತ್ತದೆ. ನಲ್ಲಿಯ ನೀರನ್ನು ಟಬ್ಬಿಗೆ ಬಳಸಬಹುದು, ನಂಬಿ ಕೂರುವಂತಿಲ್ಲ.

ಈಗ ಬೆಳ್ಳಿಹರಳು ಸರ್ ಅವರಿಗೆ. ನಾನು ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುತ್ತೇನೆ, ಮನೆಯಲ್ಲಿ ನನ್ನದೊಂದು ಪುಟ್ಟ ಡಾರ್ಕ್‌ರೂಂ ಇದೆ. ಪ್ಯಾಕೆಟ್ ಡೆವಲಪರ್ ಸಿಗದೆ ಒದ್ದಾಡುವ ಬದಲು ಡಿ-76 ಅನ್ನು ನೀವೇ ಕಲಸಿಕೊಳ್ಳಿ. ಕೊಡಾಕ್‌ನವರು 1927ರಲ್ಲಿ ತಂದ ಸೂತ್ರ ಇದು, ಗುಟ್ಟೇನೂ ಅಲ್ಲ. ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೊಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ. ಬೋರಾಕ್ಸ್ ಎಂದರೆ ಅಕ್ಕಸಾಲಿಗರ ಬಿಳಿಗಾರವೇ, ಆದರೆ ಸಂತೆಯದ್ದು ಬೇಡ, ಪ್ರಯೋಗಾಲಯ ಸಾಮಗ್ರಿ ಮಾರುವವರ ಬಳಿ ಕೇಳಿ. ಸಲ್ಫೈಟ್ ನೀರಿನಂಶ ಇಲ್ಲದ್ದಾಗಿರಬೇಕು. ಬೈಸಲ್ಫೈಟ್, ಸಲ್ಫೇಟ್ ಎಂಬ ಹೆಸರಿನವು ಬೇರೆಯೇ ವಸ್ತುಗಳು, ಅಂಗಡಿಯವರು ಎಲ್ಲ ಒಂದೇ ಎಂದರೆ ಒಪ್ಪಬೇಡಿ.

ಕಲಸುವ ಕ್ರಮ ಮುಖ್ಯ. 50 ಡಿಗ್ರಿಯ 750 ಮಿ.ಲೀ. ನೀರಿಗೆ ಮೊದಲು ಒಂದು ಚಿಟಿಕೆ ಸಲ್ಫೈಟ್, ನಂತರ ಮೆಟಾಲ್. ಅದು ಪೂರ್ತಿ ಕರಗಿದ ಮೇಲೆ ಉಳಿದ ಸಲ್ಫೈಟ್. ಎಲ್ಲ ಸಲ್ಫೈಟ್ ಮೊದಲೇ ಸುರಿದರೆ ಮೆಟಾಲ್ ಕರಗುವುದಿಲ್ಲ. ಸಲ್ಫೈಟೇ ಇಲ್ಲದಿದ್ದರೆ ಗಾಳಿ ತಾಗಿ ಮೆಟಾಲ್ ಕಂದುತ್ತದೆ. ಆಮೇಲೆ ಹೈಡ್ರೊಕ್ವಿನೋನ್, ಕೊನೆಗೆ ಬೋರಾಕ್ಸ್, ತಣ್ಣೀರು ಸೇರಿಸಿ ಒಂದು ಲೀಟರ್. ತುಂಬಿದ ಕಂದು ಬಾಟಲಿಯಲ್ಲಿ ಆರು ತಿಂಗಳು, ಅರ್ಧ ಖಾಲಿಯಾದದ್ದಾದರೆ ಎರಡು ತಿಂಗಳು ಇಡಬಹುದು.

ನಿಮ್ಮ ಬೋರ್ ನೀರನ್ನು ಡೆವಲಪರಿಗೆ ಬಳಸಬೇಡಿ. ಅದರಲ್ಲಿನ ಕ್ಯಾಲ್ಸಿಯಂ ಸಲ್ಫೈಟಿನೊಡನೆ ಸೇರಿ ಮೋಡದಂತೆ ಮಸುಕಾಗಿ ತಳಕ್ಕೆ ಕೂರುತ್ತದೆ. ಊರೂರಿನಲ್ಲೂ ಶುದ್ಧ ನೀರಿನ ಘಟಕ ಇದೆ, ಒಂದು ಕ್ಯಾನ್ ತಂದರೆ ಹಲವು ರೋಲ್‌ಗಳಿಗೆ ಆಯಿತು. ಡೆವಲಪರಿಗೂ ಕೊನೆಯ ಒಂದು ತೊಳೆತಕ್ಕೂ ಆ ನೀರು, ನಡುವಿನ ತೊಳೆತಕ್ಕೆ ಬೋರ್ ನೀರೇ ಸಾಕು.

ಬೇಸಿಗೆಗೆ ಡಿ-76 ಅನ್ನು ಅಷ್ಟೇ ನೀರು ಬೆರೆಸಿ ಬಳಸಿ, ಬಳಸಿದ ಮೇಲೆ ಚೆಲ್ಲಿ. ಇಲ್ಫರ್ಡ್ ಎಚ್‌ಪಿ-5 ಪ್ಲಸ್ ಎಂಬ ಕಪ್ಪು-ಬಿಳುಪು ಫಿಲ್ಮಿಗೆ ನೀರು ಬೆರೆಸದ ಡೆವಲಪರಿನಲ್ಲಿ 20 ಡಿಗ್ರಿಗೆ ಏಳೂವರೆ ನಿಮಿಷ, 24ಕ್ಕೆ ಬಂದರೆ ಐದೂಕಾಲು. ಇನ್ನೆರಡು ಡಿಗ್ರಿ ಏರಿದರೆ ಕಾಕಾ ಹೇಳಿದ ಐದು ನಿಮಿಷದ ಗೆರೆ ದಾಟಿ ಕೆಳಗಿಳಿಯುತ್ತೀರಿ. ಸಮ ನೀರು ಬೆರೆಸಿದರೆ 20ಕ್ಕೆ ಹನ್ನೊಂದು, 24ಕ್ಕೆ ಸುಮಾರು ಏಳೂಮುಕ್ಕಾಲು. ಕೈಗೆ ಬಿಡುವು ಸಿಗುತ್ತದೆ.

ಸ್ಟಾಪ್ ಬಾತ್‌ಗೆ ಕಿರಾಣಿ ಅಂಗಡಿಯ ಬಿಳಿ ವಿನಿಗರ್ ಒಂದು ಪಾಲು, ನೀರು ಎರಡು ಮೂರು ಪಾಲು.

ಕಾಕಾ ಅವರ ಒಂದು ಮಾತಿಗೆ ತಿದ್ದುಪಡಿ ಇದೆ. ಬರೀ ಹೈಪೋಗೆ ಪಟಿಕ ಹಾಕಿದರೆ ಹಾಲಿನಂತೆ ಬೆಳ್ಳಗಾಗಿ ಕೆಡುತ್ತದೆ. ಎಫ್-5 ಎಂಬ ಹಳೆಯ ಸೂತ್ರದಲ್ಲಿ ಲೀಟರಿಗೆ 240 ಗ್ರಾಂ ಹೈಪೋ ಜೊತೆ 15 ಗ್ರಾಂ ಸಲ್ಫೈಟ್, 28 ಶೇಕಡಾದ ಅಸಿಟಿಕ್ ಆಮ್ಲ 48 ಮಿ.ಲೀ., ಬೋರಿಕ್ ಆಮ್ಲ 7.5 ಗ್ರಾಂ, ಪಟಿಕ 15 ಗ್ರಾಂ ಇದೆ. ಇದೇ ಕ್ರಮದಲ್ಲಿ, ಒಂದೊಂದೂ ಕರಗಿದ ಮೇಲೆ ಮುಂದಿನದು.

ಹೈಪೋ ಕಾಕಾ, ರಾಯಚೂರು

ತಂಗಿ ಹೇಳಿದ್ದು ಸರಿ. ನಮಗೆ ಅದು ಸಿದ್ಧ ಪುಡಿಯಾಗಿ ಬರುತ್ತಿತ್ತು, ಒಳಗೆ ಏನೇನಿದೆ ಎಂದು ಯಾರು ಕೇಳಿದರು! ಕಾಗದ ಮಾತ್ರ ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನವರ 'ಇಂದು' ಬ್ರ್ಯಾಂಡಿನದು. 1960ರಲ್ಲಿ ಸ್ಥಾಪನೆಯಾದ ಸರ್ಕಾರಿ ಕಂಪನಿ. ಈಗ ಅದೂ ಇಲ್ಲ, ನಮ್ಮ ಸ್ಟುಡಿಯೊವೂ ಇಲ್ಲ.

ರಸಾಯನ ಟೀಚರ್, ಕೊಪ್ಪಳ

ಇನ್ನೊಂದು ಮಾತು, ಇದನ್ನು ಕಾಕಾ ಓದಿ ಬೈದರೂ ಸರಿ. ಹಳೆಯ ಸ್ಟುಡಿಯೊದವರ ಬೆರಳುಗಳನ್ನು ನೋಡಿದ್ದೀರಾ? ಉಗುರೆಲ್ಲ ಕಂದು. ಬರಿಗೈಯಲ್ಲಿ ಪ್ರಿಂಟ್ ತಿರುವಿದ ಫಲ. ಮೆಟಾಲ್ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ, ತುರಿಕೆ ಹಿಡಿದರೆ ಬಿಡುವುದಿಲ್ಲ. ಕೈಗವಸು ಅಥವಾ ಇಕ್ಕಳ ಬಳಸಿ. ತಂಪು ಪಾನೀಯದ ಬಾಟಲಿಗಳಲ್ಲಿ ಯಾವ ಕಾರಣಕ್ಕೂ ತುಂಬಿಡಬೇಡಿ, ಮನೆಯಲ್ಲಿ ಮಕ್ಕಳಿದ್ದಾರೆ ಎಂದಿರಿ. ಬಳಸಿದ ಹೈಪೋದಲ್ಲಿ ಬೆಳ್ಳಿ ಕರಗಿರುತ್ತದೆ, ಅದನ್ನು ಚರಂಡಿಗೆ ಬಿಡಬಾರದು. ಒಂದು ಡಬ್ಬಿಯಲ್ಲಿ ಕೂಡಿಟ್ಟು ಪಾತ್ರೆ ತಿಕ್ಕುವ ಕಬ್ಬಿಣದ ಉಣ್ಣೆ ಹಾಕಿಡಿ. ಕೆಲವು ದಿನಗಳಲ್ಲಿ ಬೆಳ್ಳಿ ಕಪ್ಪು ಕೆಸರಾಗಿ ತಳದಲ್ಲಿ ಕೂರುತ್ತದೆ.

ಹೈಪೋ ಕಾಕಾ, ರಾಯಚೂರು

ನನ್ನ ಉಗುರು ಈಗಲೂ ಕಂದೇ ಇದೆ, ಬೈಯುವುದಿಲ್ಲ. ಬಳಸಿದ ಹೈಪೋ ಕೊಳ್ಳಲು ಆಗ ಜನ ಸ್ಟುಡಿಯೊ ಬಾಗಿಲಿಗೇ ಬರುತ್ತಿದ್ದರು. ನಮಗೆ ಅದು ಚಹಾದ ದುಡ್ಡು, ಅವರಿಗೆ ಬೆಳ್ಳಿ.

ಕೆಂಪುಧೂಳು, ಸಂಡೂರು

ಶಾಖ, ನೀರು ಎರಡೂ ಆಯಿತು. ಮೂರನೆಯ ಶತ್ರುವಿನ ಬಗ್ಗೆ ಯಾರೂ ಮಾತಾಡಲಿಲ್ಲ, ಅದರ ಹೆಸರನ್ನೇ ನಾನು ಇಟ್ಟುಕೊಂಡಿದ್ದೇನೆ. ಅದಿರಿನ ಲಾರಿ ಓಡುವ ರಸ್ತೆಯ ಪಕ್ಕ ಮನೆ ಇದ್ದವರಿಗೆ ಗೊತ್ತು, ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಸಂಜೆ ಹೆಸರು ಬರೆಯಬಹುದು. ನೆಗೆಟಿವ್ ಮೇಲೆ ಕೂತ ಒಂದು ಕಣ ಎಂಟು-ಹತ್ತು ಇಂಚಿನ ಪ್ರಿಂಟಿನಲ್ಲಿ ಬಿಳಿ ಚುಕ್ಕೆಯಾಗಿ ಎದ್ದು ಕಾಣುತ್ತದೆ.

ಎಲ್ಲರೂ ಡಾರ್ಕ್‌ರೂಮಿಗೆ ಗಾಳಿ ಹೊರಹಾಕುವ ಫ್ಯಾನ್ ಹಾಕುತ್ತಾರೆ. ನಮ್ಮ ಕಡೆ ಅದು ತಪ್ಪು ಲೆಕ್ಕ. ಹೊರಹಾಕುವ ಫ್ಯಾನ್ ಬಾಗಿಲ ಸಂದು, ಕಿಟಕಿಯ ಬಿರುಕು ಎಲ್ಲದರಿಂದ ಧೂಳನ್ನು ಒಳಗೆ ಎಳೆಯುತ್ತದೆ. ಫ್ಯಾನನ್ನು ತಿರುಗಿಸಿ ಹಾಕಿ. ಕೂಲರ್ ಅಂಗಡಿಯಲ್ಲಿ ಸಿಗುವ ಫಿಲ್ಟರ್ ಹಾಳೆಯ ಮೂಲಕ ಗಾಳಿ ಒಳಗೆ ಬರಲಿ, ಸಂದುಗಳಿಂದ ಹೊರಗೆ ಹೋಗಲಿ. ಬೆಳಕು ಬರದಂತೆ ಫ್ಯಾನಿನ ಮುಂದೆ ಕಪ್ಪು ಬಳಿದ ರಟ್ಟನ್ನು ಎರಡು ತಿರುವು ಕೊಟ್ಟು ನಿಲ್ಲಿಸಿ. ಕೆಲಸಕ್ಕೆ ಮುಂಚೆ ನೆಲಕ್ಕೆ ಒದ್ದೆ ಬಟ್ಟೆ ಹಾಕಿ, ಪೊರಕೆ ಮುಟ್ಟಬೇಡಿ. ಫಿಲ್ಮನ್ನು ಒಣಗಿಸಲು ಬಚ್ಚಲು ಮನೆಯೇ ಶ್ರೇಷ್ಠ, ಬಿಸಿನೀರು ಬಿಟ್ಟು ಹಬೆ ಇಳಿದ ಮೇಲೆ ಗಾಳಿಯಲ್ಲಿ ಧೂಳಿರುವುದಿಲ್ಲ.

ಕತ್ತಲೆಗೆ ಪರದೆ ಬೇಕಾದರೆ ಬಳ್ಳಾರಿಯವರು ಪೇಟೆ ಸುತ್ತುವ ಅಗತ್ಯವೇ ಇಲ್ಲ. ಜೀನ್ಸ್ ಹೊಲಿಯುವ ಊರು ನಿಮ್ಮದು, ಘಟಕಗಳಲ್ಲಿ ದಪ್ಪ ಡೆನಿಮ್ ಕಟ್‌ಪೀಸ್ ತೂಕದ ಲೆಕ್ಕದಲ್ಲಿ ಸಿಗುತ್ತದೆ. ಎರಡು ಪದರ ಹೊಲಿಸಿ ನಡುವೆ ಕಪ್ಪು ರೆಕ್ಸಿನ್ ಸೇರಿಸಿ. ಆಮೇಲೆ ಮಟಮಟ ಮಧ್ಯಾಹ್ನ ಒಳಗೆ ಹೋಗಿ ಹದಿನೈದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಮೊದಲ ಐದು ನಿಮಿಷ ಎಲ್ಲ ಕಪ್ಪು. ಹತ್ತು ನಿಮಿಷದ ಹೊತ್ತಿಗೆ ಬಾಗಿಲಿನ ಕೀಲಿರಂಧ್ರ, ಚೌಕಟ್ಟಿನ ಮೂಲೆ, ಸ್ವಿಚ್ ಬೋರ್ಡಿನ ಸಂದು ಒಂದೊಂದಾಗಿ ಕಣ್ಣು ಬಿಡುತ್ತವೆ. ಕೈಯಲ್ಲಿ ಕಪ್ಪು ಟೇಪು ಇರಲಿ.

ಡಿಜಿಟಲ್ ಸಾಕು ಅಣ್ಣನಿಗೆ ಒಂದು ಮಾತು. ನಮ್ಮ ಸಂಡೂರಿನ ಎಂ. ವೈ. ಘೋರ್ಪಡೆ ಅವರು ದೇವರಾಜ ಅರಸು ಅವರ ಸಂಪುಟದಲ್ಲಿ ಹಣಕಾಸು ಮಂತ್ರಿಯಾಗಿದ್ದವರು. ರಾಜ್ಯದ ಲೆಕ್ಕ ನೋಡುತ್ತಲೇ ಕಾಡುಪ್ರಾಣಿಗಳ ಕಪ್ಪು-ಬಿಳುಪು ಚಿತ್ರಗಳಿಂದ ದೇಶದಾಚೆಗೂ ಹೆಸರು ಮಾಡಿದರು. ದುಡ್ಡಿನ ಲೆಕ್ಕ ಬಲ್ಲವರೇ ಈ ಹುಚ್ಚು ಹಚ್ಚಿಕೊಂಡ ಉದಾಹರಣೆ ಜಿಲ್ಲೆಯಲ್ಲೇ ಇದೆ.

ಡಿಜಿಟಲ್ ಸಾಕು, ಹೊಸಪೇಟೆ

ಅವರು ಅರಮನೆಯವರು. ನಾವು ಇ.ಎಂ.ಐ. ಕಟ್ಟುವವರು.

ಗಂಗಾವತಿ 120

ಇ.ಎಂ.ಐ. ಕಟ್ಟುವವರಿಗೂ ದಾರಿ ಇದೆ. 35 ಎಂ.ಎಂ. ಫಿಲ್ಮನ್ನು ನೂರು ಅಡಿಯ ದೊಡ್ಡ ಸುರುಳಿಯಲ್ಲಿ ಕೊಂಡು ಹಳೆಯ ಡಬ್ಬಿಗಳಿಗೆ ನಾವೇ ಸುತ್ತಿಕೊಂಡರೆ 36 ಚಿತ್ರದ ಸುಮಾರು 18 ರೋಲ್ ಆಗುತ್ತವೆ. ಬಿಡಿಯಾಗಿ ಕೊಳ್ಳುವುದಕ್ಕಿಂತ ಸಾಕಷ್ಟು ಅಗ್ಗ. ನಾಲ್ಕು ಜನ ಸೇರಿ ಹಂಚಿಕೊಂಡರೆ ಭಾರವೇ ಅಲ್ಲ.

ನನ್ನ ಅಭಿಪ್ರಾಯ ಎಲ್ಲರಿಗಿಂತ ಸ್ವಲ್ಪ ಬೇರೆ. ಎನ್‌ಲಾರ್ಜರನ್ನು ಸದ್ಯಕ್ಕೆ ಮುಚ್ಚಿಡಿ. ಮೊದಲು 120 ಫಿಲ್ಮಿನ (35 ಎಂ.ಎಂ.ಗಿಂತ ಅಗಲವಾದ ಫಿಲ್ಮ್) ಒಂದು ಕ್ಯಾಮೆರಾ ಹುಡುಕಿ. ಎಷ್ಟೋ ಮನೆಗಳ ಅಟ್ಟದಲ್ಲಿ ಬರೋಡಾದಲ್ಲಿ ತಯಾರಾದ ಆಗ್ಫಾ ಕ್ಲಿಕ್-3 ಇರುತ್ತದೆ. ಅದರ ನೆಗೆಟಿವ್ ಆರು ಸೆಂಟಿಮೀಟರ್ ಚೌಕ. ಅದನ್ನು ಕಾಗದದ ಮೇಲಿಟ್ಟು, ಮೇಲೊಂದು ಗಾಜು ಒತ್ತಿ, ಬಲ್ಬ್ ಹೊತ್ತಿಸಿದರೆ ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಪ್ರಿಂಟ್ ಬಂತು. ಎನ್‌ಲಾರ್ಜರ್ ಇಲ್ಲ, ಫೋಕಸ್ ಇಲ್ಲ, ವೋಲ್ಟೇಜ್ ಏರಿಳಿತದ ತಲೆನೋವು ಇಲ್ಲ.

ಆನೆಗೊಂದಿಯಲ್ಲಿ ನಿಂತು ಹೊಳೆಯಾಚೆ ನೋಡುವಾಗಲೆಲ್ಲ ನನಗೆ ನೆನಪಾಗುವುದು ಕರ್ನಲ್ ಅಲೆಗ್ಸಾಂಡರ್ ಗ್ರೀನ್‌ಲಾ. 1856ರಲ್ಲಿ ಹಂಪಿಯ ಚಿತ್ರ ತೆಗೆದ ಈ ಸೈನ್ಯಾಧಿಕಾರಿ ಬಳಸಿದ್ದು ಮೇಣ ಹಚ್ಚಿದ ಕಾಗದದ ದೊಡ್ಡ ನೆಗೆಟಿವ್‌ಗಳು. ಗಾಜಿನ ಒದ್ದೆ ಪ್ಲೇಟ್ ಆಗಲೇ ಬಂದಿತ್ತು, ಆದರೆ ಅದು ಆರುವ ಮುನ್ನವೇ ಚಿತ್ರ ತೆಗೆದು ಅಲ್ಲೇ ತೊಳೆಯಬೇಕು. ನಮ್ಮ ಬಿಸಿಲಿನಲ್ಲಿ ಅದು ಎಷ್ಟು ಹೊತ್ತು ಒದ್ದೆ ಇದ್ದೀತು? ಮೇಣದ ಕಾಗದವನ್ನು ದಿನಗಳ ಮುಂಚೆಯೇ ಸಿದ್ಧಪಡಿಸಿ ಒಣಗಿಸಿ ಒಯ್ಯಬಹುದಿತ್ತು. ದೊಡ್ಡದು ಮಾಡುವ ಯಂತ್ರದ ಹಂಗಿಲ್ಲದೆ, ನೆಗೆಟಿವ್ ಎಷ್ಟೋ ಪ್ರಿಂಟೂ ಅಷ್ಟೇ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಅವೇ ನೋಟಗಳನ್ನು ಮತ್ತೆ ತೆಗೆದರು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಯಾವ ಕಂಬ ಬಿದ್ದಿದೆ, ಯಾವುದನ್ನು ಎತ್ತಿ ನಿಲ್ಲಿಸಿದ್ದಾರೆ ಎಂದು ಲೆಕ್ಕ ಹಾಕಬಹುದು.

ಬೆಳ್ಳಿಹರಳು, ಬಳ್ಳಾರಿ

ಗಂಗಾವತಿಯವರೇ, ಮಾತು ಮನಸ್ಸಿಗೆ ಹಿಡಿಸಿತು, ಆದರೆ ಒಪ್ಪುವುದಿಲ್ಲ. ದೊಡ್ಡ ಪ್ರಿಂಟ್ ಟ್ರೇಯಲ್ಲಿ ಮೂಡುವುದನ್ನು ನೋಡಬೇಕೆಂದೇ ಇಷ್ಟೆಲ್ಲ. ಸಣ್ಣ ಚೌಕ ನೋಡಲು ಮೊಬೈಲ್ ಇದೆಯಲ್ಲ.

ಮೆಟ್ಟಿಲ ಕೆಳಗಿನ ಜಾಗವನ್ನೇ ಆರಿಸಿದೆ. ಒಣ ಕೆಲಸ ಒಂದು ಬದಿ, ಟ್ರೇಗಳು ಇನ್ನೊಂದು ಬದಿ ಎಂಬ ನಿಯಮಕ್ಕೆ ಜಾಗ ಸಾಲುವುದಿಲ್ಲ. ಮೂರು ಟ್ರೇಗಳನ್ನು ಮೆಟ್ಟಿಲಿನಂತೆ ಒಂದರ ಮೇಲೊಂದು ಬರುವ ಹಾಗೆ ಬಡಗಿಯಿಂದ ಹಲಗೆ ಮಾಡಿಸಿದೆ. ಮೇಲೆ ಡೆವಲಪರ್, ನಡುವೆ ಸ್ಟಾಪ್, ಕೆಳಗೆ ಹೈಪೋ. ತೊಳೆಯಲು ಬಕೆಟ್ಟಿನಲ್ಲಿ ಹಾಕಿ ಹೊರಗೆ ಒಯ್ಯುತ್ತೇನೆ. ನೀರಿಲ್ಲದ ಡಾರ್ಕ್‌ರೂಂ ಕೊರತೆ ಅನ್ನಿಸಲೇ ಇಲ್ಲ.

ಪ್ರಿಂಟ್ ಹಾಕುವಾಗ ಉರಿಸುವ ಕೆಂಪು ದೀಪದ ಬಗ್ಗೆ ಒಂದು ಪ್ರಶ್ನೆ. ಕೆಂಪು ಬಣ್ಣದ ಜೀರೋ ಬಲ್ಬ್ ಸಾಕೇ?

ರಸಾಯನ ಟೀಚರ್, ಕೊಪ್ಪಳ

ಪರೀಕ್ಷಿಸದೆ ಬಳಸಬೇಡಿ. ಗಾಜಿಗೆ ಕೆಂಪು ಬಣ್ಣ ಬಳಿದ ಬಲ್ಬುಗಳಲ್ಲಿ ಬೇರೆ ಬೆಳಕೂ ಸೋರುತ್ತದೆ. ಕೆಂಪು ಎಲ್.ಇ.ಡಿ. ಸಾಮಾನ್ಯವಾಗಿ ಮೇಲು, ಆದರೂ ಪರೀಕ್ಷೆ ಬೇಕು. ಕಾಗದದ ಒಂದು ತುಂಡಿಗೆ ಎನ್‌ಲಾರ್ಜರಿನಿಂದ ತಿಳಿ ಬೂದು ಬರುವಷ್ಟು ಮಾತ್ರ ಬೆಳಕು ಕೊಡಿ. ಅದರ ಮೇಲೆ ಒಂದು ನಾಣ್ಯ ಇಟ್ಟು ಕೆಂಪು ದೀಪದಡಿ ಏಳೆಂಟು ನಿಮಿಷ ಬಿಡಿ. ನಂತರ ಡೆವಲಪ್ ಮಾಡಿ. ನಾಣ್ಯದ ಗುರುತು ಕಂಡರೆ ದೀಪ ಕಾಗದವನ್ನು ತಿನ್ನುತ್ತಿದೆ ಎಂದರ್ಥ, ದೂರ ಸರಿಸಿ ಅಥವಾ ಬದಲಿಸಿ. ಬೆಳಕು ಕೊಡದ ಬಿಳಿ ಕಾಗದದ ಮೇಲೆ ನಾಣ್ಯ ಇಟ್ಟು ಪರೀಕ್ಷಿಸಿದರೆ ಸಾಲದು, ಸಣ್ಣ ಮಸುಕು ಅಲ್ಲಿ ಕಣ್ಣಿಗೆ ಬೀಳುವುದಿಲ್ಲ.

ಇದೆಲ್ಲ ಕಾಗದಕ್ಕೆ. ಫಿಲ್ಮಿಗೆ ಕೆಂಪು ದೀಪವೂ ಬೇಡ, ಪೂರ್ತಿ ಕತ್ತಲೆಯೇ ಬೇಕು.

ಮಸ್ಕಿ ಹುಡುಗ

ಫಿಲ್ಮನ್ನು ಪ್ಲಾಸ್ಟಿಕ್ ರೀಲಿಗೆ ಸುತ್ತುವಾಗ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ಬೆಳಕು ತೂರದ ಚೇಂಜಿಂಗ್ ಬ್ಯಾಗಿನೊಳಗೆ ಕೈ ಬೆವರಿ ಬೆವರಿ ಸಾಕಾಗುತ್ತದೆ. ಏನು ಮಾಡಬೇಕು?

ಹೈಪೋ ಕಾಕಾ, ರಾಯಚೂರು

ಬ್ಯಾಗ್ ಬಿಡು ತಮ್ಮ. ನಮ್ಮ ಸೆಖೆಯಲ್ಲಿ ಅದು ಎರಡು ನಿಮಿಷಕ್ಕೆ ಉಗಿ ತುಂಬಿದ ಚೀಲ. ರೀಲ್ ಒಂದಿಷ್ಟು ಒದ್ದೆಯಾದರೂ ಫಿಲ್ಮ್ ಅಂಟಿಕೊಂಡು ಮುಂದೆ ಸರಿಯುವುದಿಲ್ಲ. ಅಮಾವಾಸ್ಯೆ ಕತ್ತಲೆಗೆ ಕಾಯಬೇಕಿಲ್ಲ, ರಾತ್ರಿ ಊಟವಾದ ಮೇಲೆ ಒಳಕೋಣೆಯ ದೀಪ ಆರಿಸಿ, ಬಾಗಿಲ ಸಂದಿಗೆ ಕಂಬಳಿ ಒತ್ತಿ ಸುತ್ತು. ರೀಲನ್ನು ಮೊದಲು ಬಿಸಿಲಲ್ಲಿ ಒಣಗಿಸು, ಫಿಲ್ಮಿನ ತುದಿಯ ಎರಡು ಮೂಲೆಗಳನ್ನೂ ಕತ್ತರಿಯಿಂದ ಸ್ವಲ್ಪ ಉರುಟು ಮಾಡು. ಉಪಯೋಗಿಸಿದ ಹಾಳು ಫಿಲ್ಮ್ ಒಂದನ್ನು ಇಟ್ಟುಕೊಂಡು ಟಿ.ವಿ. ನೋಡುತ್ತ ಕಣ್ಣುಮುಚ್ಚಿ ಅಭ್ಯಾಸ ಮಾಡು.

ನಿಮ್ಮ ಊರ ಕಡೆ ಮಣ್ಣಿನ ಛಾವಣಿಯ ಹಳೆಯ ಮೇಲ್ಮುದ್ದೆ ಮನೆಗಳು ಇನ್ನೂ ಇವೆಯಲ್ಲ? ಅಂಥ ಮನೆಯ ಒಳಕೋಣೆ ಸಿಕ್ಕರೆ ಅದಕ್ಕಿಂತ ಒಳ್ಳೆಯ ಡಾರ್ಕ್‌ರೂಂ ಇಲ್ಲ. ಎರಡಡಿ ದಪ್ಪದ ಗೋಡೆ, ಕಿಟಕಿ ಇಲ್ಲ, ಬೇಸಿಗೆಯಲ್ಲೂ ತಂಪು. ಗವಾಕ್ಷಿ ಮುಚ್ಚಿದರೆ ಮುಗಿಯಿತು. ಮೇಲಿನಿಂದ ಮಣ್ಣು ಉದುರದಂತೆ ತಾಡಪಾಲು ಕಟ್ಟಬೇಕು.

ಡಿಜಿಟಲ್ ಸಾಕು, ಹೊಸಪೇಟೆ

ಕುತೂಹಲಕ್ಕೆ ಕೇಳುತ್ತೇನೆ. ಫಿಲ್ಮ್ ಮಾತ್ರ ತೊಳೆದು, ನೆಗೆಟಿವನ್ನು ಡಿಜಿಟಲ್ ಕ್ಯಾಮೆರಾದಿಂದ ಫೋಟೊ ಹೊಡೆದರೆ ಆಗುವುದಿಲ್ಲವೇ? ಎನ್‌ಲಾರ್ಜರ್, ಕಾಗದ ಎಲ್ಲ ಉಳಿಯಿತಲ್ಲ.

ಗಂಗಾವತಿ 120

ಆಗುತ್ತದೆ, ಹೆಚ್ಚಿನವರು ಮಾಡುವುದೂ ಅದನ್ನೇ. ನಾನೂ ಮಾಡುತ್ತೇನೆ. (ಅಣ್ಣ ನಿಧಾನಕ್ಕೆ ಬಲೆಗೆ ಬೀಳುತ್ತಿದ್ದಾರೆ.)

ಬೆಳ್ಳಿಹರಳು, ಬಳ್ಳಾರಿ

ಕೆಲವು ವಾರಗಳ ನಂತರದ ವರದಿ. ಡಿ-76 ಟೀಚರ್ ಹೇಳಿದ ಕ್ರಮದಲ್ಲೇ ಕಲಸಿದೆ. ಬೆಳಗಿನ ಜಾವ ಟಬ್ಬಿನಲ್ಲಿ ಎಲ್ಲ 25 ಡಿಗ್ರಿಗೆ ನಿಂತಿತು. ಎಚ್‌ಪಿ-5 ಸುಕ್ಕಿಲ್ಲದೆ, ಕಲೆಯಿಲ್ಲದೆ ಬಂದಿದೆ. ತೊಳೆಯಲು ಇಲ್ಫರ್ಡ್‌ನವರು ಹೇಳುವ ವಿಧಾನ ಅನುಸರಿಸಿದೆ: ಟ್ಯಾಂಕಿಗೆ ನೀರು ತುಂಬಿ ಐದು ಸಲ ತಲೆಕೆಳಗು ಮಾಡಿ ಚೆಲ್ಲುವುದು, ಮತ್ತೆ ತುಂಬಿ ಹತ್ತು ಸಲ, ಮತ್ತೆ ಇಪ್ಪತ್ತು ಸಲ. ಎರಡು ಲೀಟರ್ ನೀರೂ ಖರ್ಚಾಗಲಿಲ್ಲ. ನಲ್ಲಿ ಬಿಟ್ಟು ತೊಳೆಯುವ ಐಷಾರಾಮ ನಮ್ಮ ಬೀದಿಗೆ ಎಲ್ಲಿಂದ ಬರಬೇಕು?

ಆದರೆ ಪ್ರಿಂಟಿನಲ್ಲಿ ಒಂದು ತೊಡಕು. ಕೋಟೆ ಬೆಟ್ಟದ ಬಂಡೆಯ ಚಿತ್ರದಲ್ಲಿ ಬಿಸಿಲು ಬಿದ್ದ ಭಾಗ ಬರೀ ಬಿಳಿ, ನೆರಳು ಬರೀ ಕಪ್ಪು. ಟೆಸ್ಟ್ ಸ್ಟ್ರಿಪ್ ಹಾಕಿದೆ, ಐದೈದು ಸೆಕೆಂಡಿಗೆ ರಟ್ಟು ಸರಿಸುತ್ತ. ಹತ್ತು ಸೆಕೆಂಡಿನ ಪಟ್ಟಿಯಲ್ಲಿ ನೆರಳಿನೊಳಗಿನ ಮುಳ್ಳುಕಂಟಿ ಕಾಣುತ್ತದೆ, ಬಂಡೆ ಮಾಯ. ಇಪ್ಪತ್ತೈದರ ಪಟ್ಟಿಯಲ್ಲಿ ಬಂಡೆಯ ಮೈಮೇಲಿನ ಬಿರುಕು, ನೀರಿಳಿದ ಕಪ್ಪು ಗೆರೆ ಎಲ್ಲ ಇದೆ, ಕಂಟಿ ಮಸಿಯಲ್ಲಿ ಮುಳುಗಿದೆ. ಎರಡೂ ಬೇಕು.

ಗಂಗಾವತಿ 120

ಇದು ನಮ್ಮ ಬಿಸಿಲಿನ ಗುಣ. ಫಿಲ್ಮ್ ತೆಗೆಯುವಾಗಲೇ ಸರಿಪಡಿಸಬೇಕು. ನೆರಳಿಗೆ ಸಾಲುವಷ್ಟು ಬೆಳಕು ಕೊಡಿ, ಅಂದರೆ 400 ಐ.ಎಸ್.ಒ. ವೇಗದ ಫಿಲ್ಮನ್ನು 200 ಎಂದು ತಿಳಿದು ತೆಗೆಯಿರಿ. ಆಮೇಲೆ ಡೆವಲಪರಿನ ಸಮಯವನ್ನು ಶೇಕಡಾ 15ರಿಂದ 20ರಷ್ಟು ಕಡಿಮೆ ಮಾಡಿ. ಬೆಳಕು ಹೆಚ್ಚು ಬಿದ್ದ ಭಾಗ ನೆಗೆಟಿವ್‌ನಲ್ಲಿ ಕೊನೆಯ ನಿಮಿಷಗಳಲ್ಲೇ ಹೆಚ್ಚು ಕಪ್ಪಾಗುತ್ತದೆ, ಆ ನಿಮಿಷಗಳನ್ನೇ ಕತ್ತರಿಸುತ್ತೀರಿ. ನೆರಳಿಗೆ ಹೆಚ್ಚು ನಷ್ಟವಾಗುವುದಿಲ್ಲ.

ಈಗಿರುವ ನೆಗೆಟಿವ್‌ಗೆ ಮಲ್ಟಿಗ್ರೇಡ್ ಕಾಗದವಾದರೆ (ಫಿಲ್ಟರ್ ಬದಲಿಸಿ ಕಪ್ಪು-ಬಿಳುಪಿನ ಅಂತರ ಹೆಚ್ಚು ಕಡಿಮೆ ಮಾಡಬಹುದಾದ ಕಾಗದ) ಅಂತರ ಕಡಿಮೆ ಮಾಡುವ ಒಂದನೇ ನಂಬರಿನ ಫಿಲ್ಟರ್ ಹಾಕಿ ನೋಡಿ. ಬಂಡೆಗೆ ಮಾತ್ರ ಇನ್ನೂ ಸ್ವಲ್ಪ ಬೆಳಕು ಬೇಕಾದರೆ ರಟ್ಟಿಗೆ ತೂತು ಮಾಡಿ ಆ ಜಾಗಕ್ಕೆ ಹಿಡಿಯಿರಿ, ಕೈ ಅಲುಗಾಡುತ್ತಲೇ ಇರಲಿ.

ಮಧ್ಯಾಹ್ನದ ಕೋಟೆ ಬೆಟ್ಟವನ್ನು ಬಿಟ್ಟು ಒಮ್ಮೆ ಬೆಳಿಗ್ಗೆ ಕೊಪ್ಪಳ ಜಿಲ್ಲೆಯ ಇಟಗಿಗೆ ಬನ್ನಿ. 1112ರ ಮಹಾದೇವ ದೇವಾಲಯ, ಅಲ್ಲಿನ ಕಲ್ಲಿನ ಕೆತ್ತನೆ ಎಷ್ಟು ಸಣ್ಣದೆಂದರೆ 35 ಎಂ.ಎಂ. ಸೋತು ಕೈಮುಗಿಯುತ್ತದೆ. ಆಗ ನೀವೇ 120 ಕೇಳುತ್ತೀರಿ.

ಹೈಪೋ ಕಾಕಾ, ರಾಯಚೂರು

ಪ್ರಿಂಟ್ ಹಾಕುವಾಗ ಇನ್ನೊಂದು ಗಮನಿಸಿ. ಸಂಜೆ ಏಳರಿಂದ ಹತ್ತರವರೆಗೆ ವೋಲ್ಟೇಜ್ ಕುಣಿಯುತ್ತದೆ. ಟೆಸ್ಟ್ ಸ್ಟ್ರಿಪ್‌ನಲ್ಲಿ ಹದಿನೈದು ಸೆಕೆಂಡಿಗೆ ಸರಿ ಬಂದದ್ದು ಪ್ರಿಂಟಿನಲ್ಲಿ ಮಂಕಾದರೆ ಲೆಕ್ಕ ತಪ್ಪಿದ್ದಲ್ಲ, ಬಲ್ಬ್ ಕುಗ್ಗಿದ್ದು. ಸ್ಟೆಬಿಲೈಸರ್ ಹಾಕಿ. ಮಸೂರಗಳಿಂದ ಬೆಳಕನ್ನು ಒಟ್ಟುಗೂಡಿಸುವ ಕಂಡೆನ್ಸರ್ ಎನ್‌ಲಾರ್ಜರಿನಲ್ಲಿ ಹೆಚ್ಚು ಹೊತ್ತು ಬಲ್ಬ್ ಉರಿದರೆ ನೆಗೆಟಿವ್ ಶಾಖಕ್ಕೆ ಉಬ್ಬಿ ಫೋಕಸ್ ತಪ್ಪುತ್ತದೆ. ಫೋಕಸ್ ನೋಡಿದ ತಕ್ಷಣ ಆರಿಸುವ ಅಭ್ಯಾಸ ಇರಲಿ.

ಬೆಳ್ಳಿಹರಳು, ಬಳ್ಳಾರಿ

ಒಂದನೇ ನಂಬರ್ ಫಿಲ್ಟರಿನಲ್ಲಿ ಕಂಟಿಯೂ ಬಂತು, ಬಂಡೆಯೂ ಬಂತು. ಮನೆಯವರು ಪ್ರಿಂಟ್ ನೋಡಿ, "ಇಷ್ಟೆಲ್ಲ ಮಾಡಿ ಒಂದು ಕಲ್ಲು ತೆಗೆದಿರಾ?" ಎಂದರು. ಮುಂದಿನ ರೋಲ್ ಅವರದೇ.

ನನ್ನ ತೀರ್ಮಾನ ಹೀಗಿದೆ. ಮಾರ್ಚಿಯಿಂದ ಜೂನ್‌ವರೆಗೆ ಫಿಲ್ಮ್ ತೊಳೆಯುವುದು ಮಾತ್ರ, ಅದೂ ಬೆಳಗಿನ ಜಾವ. ಮೆಟ್ಟಿಲ ಕೆಳಗೆ ಮೂರು ತಾಸು ನಿಂತು ಪ್ರಿಂಟ್ ಹಾಕುವುದು ದೀಪಾವಳಿ ಕಳೆದ ಮೇಲೆ. ನೆಗೆಟಿವ್‌ಗಳು ಅಲ್ಲಿಯವರೆಗೆ ಕಾಯುತ್ತವೆ.

ನೂರು ಅಡಿಯ ಸುರುಳಿ ತರಿಸಬೇಕೆಂದಿದ್ದೇನೆ. ಯಾರು ಯಾರಿಗೆ ಎಷ್ಟು ಬೇಕು? ಖಾಲಿ ಡಬ್ಬಿ ಇದ್ದವರು ಕಳುಹಿಸಿದರೆ ಸುತ್ತಿ ಕೊಡುತ್ತೇನೆ.

ರಸಾಯನ ಟೀಚರ್, ಕೊಪ್ಪಳ

ನನಗೆ ನಾಲ್ಕು. ಡಬ್ಬಿಗಳನ್ನು ಕಳುಹಿಸುತ್ತೇನೆ. ಬಾಯಿಯ ಕಪ್ಪು ಮಖಮಲ್ಲಿನಲ್ಲಿ ಧೂಳಿದ್ದರೆ ಫಿಲ್ಮಿನುದ್ದಕ್ಕೂ ಗೀರು ಬೀಳುತ್ತದೆ, ಸುತ್ತುವ ಮುಂಚೆ ಟೇಪ್ ಒತ್ತಿ ತೆಗೆಯಿರಿ.

ಕೆಂಪುಧೂಳು, ಸಂಡೂರು

ಮೂರು. ನನ್ನ ಡಬ್ಬಿಗಳ ಧೂಳು ಯಾವ ಬಣ್ಣದ್ದೆಂದು ಹೇಳಬೇಕಿಲ್ಲ.

ಮಸ್ಕಿ ಹುಡುಗ

ನನಗೆ ಎರಡು. ಸರ್, ಹಣವನ್ನು ತಿಂಗಳ ಮೊದಲ ವಾರ ಕೊಟ್ಟರೆ ನಡೆಯುತ್ತದೆಯೇ?

ಡಿಜಿಟಲ್ ಸಾಕು, ಹೊಸಪೇಟೆ

ಒಂದು ಉಳಿದರೆ ತಿಳಿಸಿ. ಅಪ್ಪನ ಕ್ಯಾಮೆರಾ ಒಂದು ಮನೆಯಲ್ಲಿದೆ, ಯಾಷಿಕಾ ಎಲೆಕ್ಟ್ರೊ 35. ಬ್ಯಾಟರಿ ಸಿಗುವುದಿಲ್ಲ ಎನ್ನುತ್ತಾರೆ, ಹೌದೇ?

ಹೈಪೋ ಕಾಕಾ, ರಾಯಚೂರು

ಅದರ ಹಳೆಯ ಪಾದರಸದ ಬ್ಯಾಟರಿ ಈಗ ಬರುವುದಿಲ್ಲ. 4ಎಲ್‌ಆರ್44 ಎಂಬ ಆರು ವೋಲ್ಟಿನ ಸಣ್ಣ ಬ್ಯಾಟರಿ ತೆಗೆದುಕೊಂಡು, ಉದ್ದ ಸಾಲದ ಕಡೆ ಒಂದು ಸ್ಪ್ರಿಂಗ್ ಇಟ್ಟು, ಸುತ್ತ ಕಾಗದ ಸುರುಳಿ ಮಾಡಿ ಕೂರಿಸು. ಹಾಕುವ ಮುನ್ನ ಒಳಗಿನ ತಗಡಿಗೆ ಹಸಿರು ಹಿಡಿದಿದೆಯೇ ನೋಡು, ಹಿಡಿದಿದ್ದರೆ ವಿನಿಗರ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸು.